ಬಗ್ ಸಿಗದ ವಾರ ಪೇಢೆ ಹಂಚಿದರು

ಆ ವಾರ ನನಗೆ ಒಂದೂ ಬಗ್ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಕಂಪನಿಯ ಮಾಲೀಕರು ಪೇಢೆ ತಂದು ಎಲ್ಲರ ಟೇಬಲ್ಲಿಗೂ ಹಂಚಿದರು. ಬಗ್ ಎಂದರೆ ಸಾಫ್ಟ್‌ವೇರ್‌ನಲ್ಲಿ ಅಡಗಿರುವ ತಪ್ಪು. ಅದನ್ನು ಹುಡುಕಿ ಕೊಡುವುದಕ್ಕೇ ನನಗೆ ಸಂಬಳ. ಹುಡುಕುವವಳಿಗೆ ಏನೂ ಸಿಗಲಿಲ್ಲವೆಂದು ಸಿಹಿ ಹಂಚುವ ಕಚೇರಿ ಇನ್ನೆಲ್ಲಾದರೂ ಇದ್ದೀತೇ ಎಂದುಕೊಂಡೆ. ನನ್ನ ಪಾಲಿನ ಪೇಢೆಯನ್ನು ಪಕ್ಕದವನ ತಟ್ಟೆಗೆ ಹಾಕಿದೆ.

ನಿಪ್ಪಾಣಿಯ ಹೆದ್ದಾರಿ ಬದಿಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ನನ್ನ ಗಂಡನ ಮನೆ ರಾಯಬಾಗದ ಕಡೆ. ಕೆಲಸದ ಸಲುವಾಗಿ ಚಿಕ್ಕೋಡಿಯಲ್ಲಿ ತವರಿನ ಹಿಂದಿನ ಓಣಿಯಲ್ಲೇ ಮನೆ ಹಿಡಿದಿದ್ದೆವು. ದಿನಾ ಅಲ್ಲಿಂದ ಬಸ್ಸು. ಆಗ ನಾವು ಮಾಡುತ್ತಿದ್ದದ್ದು ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಿರುವ, ಒಂದೇ ಸಂಸ್ಥೆಯ ಮೂರು ಹೆರಿಗೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್. ಅದುವರೆಗೆ ಬಸುರಿಯರು ತಮ್ಮ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಅವುಚಿಕೊಂಡು ಬರುತ್ತಿದ್ದರು. ಇನ್ನು ಮೇಲೆ ಫೋನ್ ನಂಬರ್ ಹೇಳಿದರೆ ಸಾಕು, ಮೂರರಲ್ಲಿ ಯಾವ ಊರಲ್ಲಾದರೂ ಆಕೆಯ ರಕ್ತದ ಗುಂಪು, ರಕ್ತದೊತ್ತಡ, ಹಿಂದಿನ ಹೆರಿಗೆ ಎಲ್ಲವೂ ಪರದೆಯ ಮೇಲೆ ಬರಬೇಕು. ಹಳೆಯ ಫೈಲುಗಳನ್ನೆಲ್ಲ ಅದರಲ್ಲಿ ತುಂಬಿದರೆ ಅಲ್ಲಿಗೆ ಕಾಗದದ ಫೈಲು ಬಂದ್. ಇದು ಆಸ್ಪತ್ರೆಯವರ ನಿರ್ಧಾರ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಾಗದ ಹೋದ ಮೇಲೆ ಪರದೆ ಸುಳ್ಳು ಹೇಳಿದರೆ ಅದನ್ನು ಸುಳ್ಳು ಅನ್ನಲು ಯಾರೂ ಇರುವುದಿಲ್ಲ.

ಆ ಹೊತ್ತಿಗೆ ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ನಾಲ್ಕು ತಿಂಗಳ ಬಸುರಿ. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆದರೆ ಆಕೆಗೆ ತಾಯಿ ಇಲ್ಲ. ಬಾಣಂತನ ನಮ್ಮವ್ವನೇ ಮಾಡುವುದೆಂದು ಆಗಿತ್ತು. ತೋರಿಸುತ್ತಿದ್ದದ್ದು ಚಿಕ್ಕೋಡಿಯ ಅದೇ ಆಸ್ಪತ್ರೆಯಲ್ಲಿ. ವೈನಿಯದು ನೆಗೆಟಿವ್ ರಕ್ತ. ಅಂಥ ತಾಯಿಗೆ ಪಾಸಿಟಿವ್ ರಕ್ತದ ಮಗು ಹುಟ್ಟಿದರೆ ಹೆರಿಗೆಯಾದ ಮೂರು ದಿನದೊಳಗೆ ಒಂದು ಸೂಜಿ ಕೊಡಲೇಬೇಕು. ಕೊಡದಿದ್ದರೆ ಆಕೆಗೆ ಆಗ ಏನೂ ಆಗುವುದಿಲ್ಲ, ನಗುನಗುತ್ತಲೇ ಮನೆಗೆ ಹೋಗುತ್ತಾಳೆ. ಮುಂದಿನ ಸಲ ಬಸುರಾದಾಗ ಆ ಎರಡನೆಯ ಮಗು ಉಳಿಯದೆ ಹೋಗಬಹುದು. ಇದನ್ನು ತಿಳಿದುಕೊಂಡೇ ನಾನು ಆ ಸಾಫ್ಟ್‌ವೇರ್ ಮುಂದೆ ಕುಳಿತಿದ್ದೆ.

ಗೋಡೆಯ ಮೇಲೆ ಮಾಲೀಕರು ಒಂದು ಗೆರೆ ಬರೆಸಿದ್ದರು: ವಾರಕ್ಕೆ ಎಷ್ಟು ಬಗ್ ಸಿಕ್ಕವು ಎಂಬುದರದು. ಮೊದಲು ಏರಿತ್ತು, ಆಮೇಲೆ ಇಳಿಯುತ್ತಾ ಬಂದಿತ್ತು.

"ಗೆರಿ ನೋಡ್ರಿ ಮೇಡಂ, ನೆಲಕ್ಕ ಹತ್ತೇತಿ. ಇನ್ನ ಚಾಲೂ ಮಾಡೂದ," ಎಂದರು.

"ಸಿಗಲಿಲ್ಲ ಅಂದ್ರ ಇಲ್ಲ ಅಂತ ಅರ್ಥ ಅಲ್ರಿ ಸರ್."

"ಮತ್ತೇನ್ರಿ? ಬಾವ್ಯಾಗ ಕೊಡ ಬಿಟ್ಟಾಗ ನೀರ ಬರಲಿಲ್ಲಂದ್ರ ಬಾವಿ ಬತ್ತೇತಿ ಅಂತನ ಅರ್ಥ."

"ಹಗ್ಗ ಗಿಡ್ಡ ಇರಬಹುದಲ್ರಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯವರಿಗೆ ಮಾತು ಕೊಟ್ಟಿದ್ದರು, ಈ ಕೆಲಸ ದಾಟಿದರೆ ಇನ್ನೂ ಕೆಲವು ಆಸ್ಪತ್ರೆಗಳು ಬರುವುದಿದ್ದವು. ಆದರೆ ನನಗೆ ಆ ಗೆರೆಯ ಮೇಲೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ನಾವು ಹುಡುಕಿದ ಕಡೆಯೇ ಮತ್ತೆ ಮತ್ತೆ ಹುಡುಕುತ್ತಿದ್ದೆವು. ಗುಡಿಸಿದ ಅಂಗಳವನ್ನೇ ಗುಡಿಸಿದರೆ ಕಸ ಕಡಿಮೆಯಾಗದೆ ಇನ್ನೇನಾಗುತ್ತದೆ?

ಸೋಮವಾರ ನಾನೊಂದು ಪ್ರಸ್ತಾಪ ಇಟ್ಟೆ. ಹಿಂದೆ ಹೊಸ ಸೊಸೆಗೆ ಜೋಳ ಹಸನು ಮಾಡಲು ಕೊಡುವಾಗ ಕೆಲವು ಅತ್ತೆಯರು ತಾವೇ ಎಣಿಸಿ ನಾಲ್ಕು ಹರಳು ಬೆರೆಸಿ ಕೊಡುತ್ತಿದ್ದರಂತೆ. ಸೊಸೆ ಎರಡೇ ಹರಳು ತೆಗೆದಿಟ್ಟರೆ, ಮೊರದಲ್ಲಿ ಮೊದಲೇ ಇದ್ದ ಕಲ್ಲುಗಳಲ್ಲೂ ಅರ್ಧ ಉಳಿದಿವೆ ಎಂದು ಅತ್ತೆಗೆ ತಿಳಿಯುತ್ತಿತ್ತು. ಕ್ರೂರ ವಿದ್ಯೆ, ಆದರೆ ಲೆಕ್ಕ ಸರಿ. ನಮ್ಮ ಕೆಲಸದಲ್ಲೂ ಈ ಪದ್ಧತಿ ಇದೆ. ಬೇಕೆಂದೇ ಕೆಲವು ತಪ್ಪುಗಳನ್ನು ಒಳಗೆ ಹುದುಗಿಸಿ, ಹುಡುಕುವವರಿಗೆ ಹೇಳದೆ ಬಿಡುವುದು. ಅವುಗಳಲ್ಲಿ ಎಷ್ಟು ಸಿಕ್ಕವು ಎಂಬುದನ್ನು ನೋಡಿದರೆ, ನಮಗೆ ಗೊತ್ತಿಲ್ಲದ ತಪ್ಪುಗಳು ಎಷ್ಟು ಉಳಿದಿರಬಹುದೆಂದು ಅಂದಾಜು ಸಿಗುತ್ತದೆ.

ಸಾಫ್ಟ್‌ವೇರ್ ಬರೆದವನು ಕಾಗವಾಡ ಕಡೆಯ ಹುಡುಗ, ಇನ್ನೂ ಮದುವೆಯಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವನಿಗೂ ಹಾಗೆ. ತನ್ನ ಕೂಸಿಗೆ ತಾನೇ ಗಾಯ ಮಾಡಬೇಕೆಂದಾಗ ಮುಖ ಸಣ್ಣದಾಯಿತು. "ಅಕ್ಕಾ, ಇದ್ದದ್ದ ಸಾಲದಂತ ಇನ್ನೂ ಹಾಕಬೇಕೇನ್?" ಎಂದ. ಆದರೂ ಇಪ್ಪತ್ತು ತಪ್ಪು ಹುದುಗಿಸಿ, ಎಲ್ಲೆಲ್ಲಿ ಎಂಬುದನ್ನು ತನ್ನಲ್ಲೇ ಇಟ್ಟುಕೊಂಡ. ನಾನು ಮತ್ತು ನನ್ನ ಜೊತೆಗಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ವಾರವಿಡೀ ಹುಡುಕಿದೆವು. ಸಿಕ್ಕವು ಎಂಟು.

ಅಂದರೆ ಇದುವರೆಗೆ ನಾವು ಹಿಡಿದ ನಿಜವಾದ ಬಗ್‌ಗಳೂ ಅರ್ಧಕ್ಕಿಂತ ಕಡಿಮೆಯೇ. ಗೆರೆ ನೆಲಕ್ಕಿಳಿದದ್ದು ಸಾಫ್ಟ್‌ವೇರ್ ಚೆನ್ನಾಗಿ ಆಗಿದ್ದಕ್ಕಲ್ಲ, ನಮಗೆ ಕಾಣದ್ದಕ್ಕೆ. ಲೆಕ್ಕ ಬರೆದುಕೊಂಡು ಮಾಲೀಕರ ಬಳಿ ಹೋದೆ. ಅವರು ಕಾಗದವನ್ನು ಎರಡು ಸಲ ನೋಡಿದರು.

"ಇಪ್ಪತ್ತಕ್ಕ ಎಂಟು. ಅಂದ್ರ ನೂರಕ್ಕ ನಲವತ್ತು. ಎಸ್ಸೆಸ್ಸೆಲ್ಸಿ ಮೂವತ್ತೈದಕ್ಕ ಪಾಸ್ ರೀ ಮೇಡಂ. ನಾವು ಪಾಸ್ ಆದಿವಿ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆರಿಗೆ ಕೋಣೆಯಲ್ಲಿ ಮೂವತ್ತೈದಕ್ಕೆ ಪಾಸು ಮಾಡುವವರು ಯಾರು?

ಆ ಬೇಸರದಲ್ಲೇ ಹುಡುಗನನ್ನು ಕೂರಿಸಿಕೊಂಡು, ನಮಗೆ ಸಿಗದೆ ಹೋದ ಹನ್ನೆರಡು ಎಲ್ಲಿದ್ದವೆಂದು ಕೇಳಿದೆ. ಸಿಕ್ಕ ಎಂಟೂ ಕಣ್ಣಿಗೆ ಕಾಣುವಂಥವು: ಒತ್ತಿದರೆ ಕೆಲಸ ಮಾಡದ ಗುಂಡಿ, ಉಲ್ಟಾ ಬಿದ್ದ ತಾರೀಖು, ಅರ್ಧ ಪ್ರಿಂಟಾದ ಚೀಟಿ. ಸಿಗದವುಗಳಲ್ಲಿ ಹೆಚ್ಚಿನವು ಒಂದೇ ಕಡೆ ಇದ್ದವು. ಈ ಹೆಣ್ಣುಮಗಳು ಯಾರು, ಈಕೆ ಹಿಂದೆ ಬಂದಿದ್ದಳೇ, ಬಂದಿದ್ದರೆ ಯಾವ ದಾಖಲೆ ಈಕೆಯದು ಎಂದು ಸಾಫ್ಟ್‌ವೇರ್ ಗುರುತು ಹಿಡಿಯುವ ಜಾಗ ಅದು. ಅಲ್ಲಿ ನಾವು ಹುಡುಕಿಯೇ ಇರಲಿಲ್ಲ. ನಮ್ಮ ಪರೀಕ್ಷೆಯ ಬಸುರಿಯರೆಲ್ಲ ತಲಾ ಒಂದೇ ಹೆಸರಿನ, ಒಂದೇ ಫೋನಿನ, ಒಂದೇ ಊರಿನ ಗೊಂಬೆಗಳು. ಅವರಿಗೆ ಗಂಡನ ಮನೆಯೂ ಇರಲಿಲ್ಲ, ತವರೂ ಇರಲಿಲ್ಲ.

ನನಗೆ ಎರಡೂ ಇವೆ. ತವರಿನಲ್ಲಿ ನಾನು ಭಾರತಿ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರಲ್ಲಿ ಪದ್ಮಶ್ರೀ ಎಂದು ಬರೆದರು. ಅಂದಿನಿಂದ ರಾಯಬಾಗದ ಕಡೆ ಭಾರತಿ ಎಂದರೆ ಯಾರಿಗೂ ಗೊತ್ತಿಲ್ಲ. ನಮ್ಮ ಗಡಿ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ. ನಾನು ಬಸುರಾದಾಗ ಏಳು ತಿಂಗಳವರೆಗೆ ರಾಯಬಾಗದಲ್ಲಿ ಪದ್ಮಶ್ರೀಯಾಗಿ, ಗಂಡನ ಫೋನ್ ನಂಬರಿನಲ್ಲಿ ತೋರಿಸಿಕೊಂಡೆ. ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದ ಮೇಲೆ ಚಿಕ್ಕೋಡಿಯಲ್ಲಿ ಭಾರತಿಯಾಗಿ, ತವರಿನ ಅಡ್ಡಹೆಸರಿನಲ್ಲಿ, ಅಣ್ಣನ ಫೋನ್ ನಂಬರಿನಲ್ಲಿ ಹೆತ್ತೆ. ಬರೆಸಿದ್ದು ನಮ್ಮವ್ವ, ಅವಳಿಗೆ ನಾನು ಭಾರತಿಯೇ.

ಹುಡುಗ ತಾನು ಹುದುಗಿಸಿದ ಇಪ್ಪತ್ತನ್ನೂ ತೆಗೆದ ಮೇಲೆ, ಗೊಂಬೆಗಳನ್ನು ಬಿಟ್ಟು ನನ್ನಂಥವರನ್ನು ಸಾಫ್ಟ್‌ವೇರ್‌ಗೆ ತುಂಬಿದೆ. ನಾನು ನಿರೀಕ್ಷಿಸಿದಂತೆ ಒಬ್ಬಳೇ ಇಬ್ಬರಾದಳು; ಅದಿರಲಿ. ಆಮೇಲೆ ವೈನಿಯಂಥವಳೊಬ್ಬಳನ್ನು ತುಂಬಿದೆ. ಅದೇ ಅಣ್ಣನ ಫೋನು, ಅದೇ ಅಡ್ಡಹೆಸರು, ನನ್ನದೇ ವಯಸ್ಸು. ಸಾಫ್ಟ್‌ವೇರ್ ಇಬ್ಬರನ್ನೂ ಸದ್ದಿಲ್ಲದೆ ಒಬ್ಬಳನ್ನಾಗಿ ಮಾಡಿತು. ಅವಳ ನೆಗೆಟಿವ್ ರಕ್ತ ಹೋಗಿ ನನ್ನ ಪಾಸಿಟಿವ್ ಉಳಿಯಿತು.

ಹುಡುಗ ತಲೆ ಕೆರೆದುಕೊಂಡ. "ಒಬ್ಬಾಕಿನ ಎರಡ ಸಲ ಬರೀಬಾರದಂತ ಫೋನು, ಅಡ್ಡಹೆಸರು, ವಯಸ್ಸು ಕೂಡಿದ್ರ ಒಂದ ಮಾಡ್ತೇನಕ್ಕಾ. ರಕ್ತದ ಗುಂಪು ಬದಲಾಗೂದಿಲ್ಲಲ್ಲ, ಅದಕ್ಕ ಮೊದಲ ಬರೆದದ್ದನ್ನ ಉಳಸ್ತೇನಿ. ಹೊಸಾದು ಟೈಪಿಂಗ್ ತಪ್ಪಿರಬೇಕಂತ."

ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಮಾತೂ ಸರಿಯೇ. ಮಾಲೀಕರು ಇದನ್ನು ಬಗ್ ಎಂದು ಒಪ್ಪಿಕೊಂಡರು, ಗೆರೆ ಅಂಗುಲದಷ್ಟು ಮೇಲೆ ಹೋಯಿತು. ಮಾರನೆಯ ದಿನವೇ ಹುಡುಗ ಅದನ್ನು ಸರಿಪಡಿಸಿದ. ಇನ್ನು ಮೇಲೆ ಸದ್ದಿಲ್ಲದೆ ಕೂಡಿಸುವುದಿಲ್ಲ, ಹಳೆಯ ಹೆಸರನ್ನೂ ಹೊಸ ಹೆಸರನ್ನೂ ತೋರಿಸಿ "ಇಬ್ಬರೂ ಒಬ್ಬರೇನಾ?" ಎಂದು ಕೇಳುತ್ತದೆ. ನೋಂದಣಿ ಮಾಡುವವರು ಹೌದು ಅಥವಾ ಅಲ್ಲ ಒತ್ತಬೇಕು. ಬಗ್ ಮುಚ್ಚಿತು, ಗೆರೆ ಮತ್ತೆ ನೆಲಕ್ಕೆ ಬಂತು.

ನನಗೆ ಸಮಾಧಾನವಾಗಲಿಲ್ಲ. ಅದನ್ನು ಚಿಕ್ಕೋಡಿ ಆಸ್ಪತ್ರೆಗೇ ಒಯ್ದು, ನೋಂದಣಿ ಕಿಟಕಿಯಲ್ಲಿ ಕೂರುವ ಹೆಣ್ಣುಮಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಪರೀಕ್ಷೆಗೆಂದು ನಾನು ಕಟ್ಟಿದ ಬಸುರಿಯರ ವಿವರವನ್ನು ಅವರು ಒಂದೊಂದಾಗಿ ತುಂಬಬೇಕು. ನಡುನಡುವೆ ನಿಜವಾದ ಸಾಲೂ ಇತ್ತು: ಅಳುವ ಕೂಸು, ಒಳಗೆ ಇಣುಕುವ ಗಂಡಸರು, ಮರಾಠಿಯಲ್ಲೊಬ್ಬರು ಕನ್ನಡದಲ್ಲೊಬ್ಬರು. ಅತ್ತಿಗೆ ನಾದಿನಿಯರ ಸರದಿ ಬಂದಾಗ ಪ್ರಶ್ನೆ ಎದ್ದಿತು. ಅವರು ಕಣ್ಣು ಮಿಟುಕಿಸುವಷ್ಟರಲ್ಲಿ "ಹೌದು" ಒತ್ತಿದರು.

"ಬಾಯಾರ, ಹೆಸರ ಬ್ಯಾರೆ ಐತಲ್ರಿ?" ಎಂದು ಕೇಳಿದೆ.

"ತವರಿನ ಹೆಸರ ಬ್ಯಾರೆ, ಗಂಡನ ಮನಿ ಹೆಸರ ಬ್ಯಾರೆ ಇರತೈತ್ರಿ. ನೀವೂ ಇದ ಕಡೆಯವರು, ಅಷ್ಟೂ ಗೊತ್ತಿಲ್ಲೇನು?"

ಅವರ ತಪ್ಪೇನು? ಬೇರೆ ಊರಿನಲ್ಲಾಗಿದ್ದರೆ ಹೆಸರು ಬೇರೆ ಕಂಡೊಡನೆ ಕೈ ನಿಲ್ಲುತ್ತಿತ್ತು. ಇಲ್ಲಿ ಹೆಸರು ಬೇರೆ ಎಂದರೆ ಅದೇ ಹೆಂಗಸು ಎನ್ನುವುದಕ್ಕೆ ಇನ್ನೊಂದು ಗುರುತು. ಇದು ನಮ್ಮವರೇ ಮಾಡುವ ತಪ್ಪು, ನಮ್ಮವರೆಲ್ಲರೂ ಮಾಡುವ ತಪ್ಪು. ಆ ಬೆಳಗ್ಗೆ ನಾನು ಕೊಟ್ಟ ಅಂಥ ಪ್ರತಿಯೊಂದು ಜೋಡಿಗೂ ಅವರು ಹೌದನ್ನೇ ಒತ್ತಿದರು.

ನಿಪ್ಪಾಣಿಗೆ ಮರಳಿ ಮಾಲೀಕರಿಗೆ ಎಲ್ಲ ಹೇಳಿದೆ. ಮದುವೆಯ ಹೆಸರಲ್ಲ, ತಾಯಿಯ ಹೆಸರು ಕೇಳಬೇಕು, ಅದು ಯಾರಿಗೂ ಬದಲಾಗುವುದಿಲ್ಲ. ರಕ್ತದ ಗುಂಪು ತಾಳೆಯಾಗದಿದ್ದರೆ ದಾಖಲೆ ಕೂಡಿಸದೆ ತಡೆಯಬೇಕು. ಹಳೆಯ ದಾಖಲೆಗಳನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸಬೇಕು. ಒಂದು ತಿಂಗಳು ಬೇಕು ಎಂದೆ.

"ಮೇಡಂ, ಸಾಫ್ಟ್‌ವೇರ್ ಕೇಳ್ತು. ಮನಷ್ಯಾ ತಪ್ಪ ಒತ್ತಿದ. ಅದ ಮನಷ್ಯಾನ ತಪ್ಪು, ಬಗ್ ಅಲ್ಲ. ನಿಮ್ಮ ಲೆಕ್ಕದಾಗ ಬರೂದಿಲ್ಲ."

"ಎಲ್ಲಾರೂ ಅದ ತಪ್ಪ ಒತ್ತತಾರಂದ್ರ ಅದ ಬಗ್ ಅಲ್ಲೇನ್ರಿ ಸರ್?"

"ಒಂದ ಸಿಕ್ತು, ಒಂದ ಮುಚ್ಚಿದಿವಿ. ಬರೋಬರ್ ಐತಿ. ಇನ್ನೇನ ಬೇಕು?"

ಕಾಲಿಡದ ಜಾಗದಲ್ಲಿ ಮೊದಲ ಹೆಜ್ಜೆಗೇ ಒಂದು ಹಾವು ಸಿಕ್ಕರೆ, ಒಂದು ಹಾವು ಕಡಿಮೆಯಾಯಿತೆಂದು ಯಾರಾದರೂ ಸಂತೋಷ ಪಡುತ್ತಾರೆಯೇ? ಹುಲ್ಲೆಲ್ಲ ಹಾಗೇ ನಿಂತಿರುವುದು ಅವರಿಗೆ ಕಾಣುತ್ತಿರಲಿಲ್ಲ. ಅವರಿಗೆ ಬಗ್ ಎಂದರೆ ಒಂದು ಅಂಕಿ, ಮುಚ್ಚಿದರೆ ಮುಗಿಯಿತು.

ಸಾಫ್ಟ್‌ವೇರ್ ಆಸ್ಪತ್ರೆಗೆ ಒಪ್ಪಿಸುವಾಗ ಗುಣಮಟ್ಟ ಸರಿಯಿದೆ ಎಂಬ ಪತ್ರಕ್ಕೆ ಪರೀಕ್ಷಿಸಿದವರ ಸಹಿ ಬೇಕು. ಪತ್ರ ನನ್ನ ಮುಂದೆ ಬಂದಾಗ ನಾನು ಸಹಿ ಮಾಡುವುದಿಲ್ಲವೆಂದೆ. ಸಿಟ್ಟಿನಿಂದ ಹೇಳಲಿಲ್ಲ, ಕೈಯೇ ಬರಲಿಲ್ಲ. ಮಾಲೀಕರು ಬೈಯಲಿಲ್ಲ. "ನಿಮ್ಮ ಮನಸ್ಸು," ಎಂದು ಪತ್ರವನ್ನು ಪಕ್ಕದ ಟೇಬಲ್ಲಿಗೆ ಸರಿಸಿದರು. ನನ್ನ ಜೊತೆಗಾರ ಸಹಿ ಮಾಡಿದ. ಅವನಿಗೆ ಮನೆಯಲ್ಲಿ ಅವನದೇ ತಾಪತ್ರಯಗಳಿದ್ದವು, ಅವನ ಮೇಲೆ ನನಗೆ ಕೋಪವಿಲ್ಲ. ನಾನು ಸಹಿ ಮಾಡದೆ ಹೋದದ್ದರಿಂದ ಏನು ನಿಂತಿತು? ಏನೂ ನಿಲ್ಲಲಿಲ್ಲ.

ಮೂರು ಊರಲ್ಲೂ ಸಾಫ್ಟ್‌ವೇರ್ ಚಾಲೂ ಆಯಿತು. ವೈನಿ ತೋರಿಸಲು ಹೋದಾಗ ಅವಳ ಫೈಲನ್ನು ಇಸಿದುಕೊಂಡು, ಇನ್ನಿದು ಬೇಡ ಎಂದರಂತೆ. ನಾನು ಅಣ್ಣನಿಗೆ ಬಿಡಿಸಿ ಹೇಳಿದೆ. ಅವನು ಕಿಟಕಿಗೆ ಹೋಗಿ ಕೇಳಿದ್ದಕ್ಕೆ, ಎಲ್ಲ ಕಂಪ್ಯೂಟರಿನಲ್ಲಿ ಇದೆ ಎಂದು ಕಳಿಸಿದರು. ಒಮ್ಮೆ ಚಾಲೂ ಆದ ಮೇಲೆ ನಿಜವಾದ ರೋಗಿಗಳ ಮಾಹಿತಿ ನಮ್ಮ ಕಚೇರಿಯಲ್ಲಿ ಕಾಣುತ್ತಿರಲಿಲ್ಲ. ಆಕೆಗೆ ನೋವು ಬಂದ ದಿನ ನಾನು ರಜೆ ಹಾಕಿ ಆಸ್ಪತ್ರೆಯಲ್ಲೇ ಕುಳಿತೆ.

ಗಂಡು ಕೂಸು, ಸಲೀಸಾಗಿ ಆಯಿತು. ವಾರ್ಡಿಗೆ ತಂದ ಮೇಲೆ ಸಿಸ್ಟರ್ ಹತ್ತಿರ ಸೂಜಿಯ ಮಾತು ಎತ್ತಿದೆ. ಅವರು ಪರದೆ ತಿರುಗಿಸಿ ನೋಡಿದರು.

"ಇವರದ ಪಾಸಿಟಿವ್ ಐತಲ್ರಿ. ಸೂಜಿ ಬೇಕಾಗಿಲ್ಲ. ಮೊದಲ ಹೆರಿಗಿನೂ ಇಲ್ಲೇ ಆಗೇತಿ, ಆವಾಗನೂ ಪಾಸಿಟಿವ್."

"ಸಿಸ್ಟರ್, ಅಕಿಗೆ ಇದ ಮೊದಲನೇದ. ಆ ಮೊದಲ ಹೆರಿಗಿ ನಂದು."

ಸಿಸ್ಟರ್ ನನ್ನ ಮುಖ ನೋಡಿದರು, ವೈನಿಯ ಮುಖ ನೋಡಿದರು. ವೈನಿ ಹೆದರಿ ನನ್ನ ಕೈ ಹಿಡಿದುಕೊಂಡಳು. "ಏನಾತ ಭಾರತಿ? ಕೂಸು ಆರಾಮ ಐತಿಲ್ಲೊ?" ಎಂದು ಕೇಳಿದಳು. ಆರಾಮ ಐತಿ ಎಂದೆ. ನಾನು ಹಟ ಹಿಡಿದದ್ದಕ್ಕೆ ಮತ್ತೆ ರಕ್ತ ತೆಗೆದು ನೋಡಿದರು: ತಾಯಿ ನೆಗೆಟಿವ್, ಕೂಸು ಪಾಸಿಟಿವ್. ಸಂಜೆಯೊಳಗೆ ಸೂಜಿ ಆಯಿತು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ. ಸಂತೋಷಕ್ಕೆ ಎಂದು ಅವ್ವ ತಿಳಿದಳು.

ಸಂತೋಷವಲ್ಲ. ನಮ್ಮ ವೈನಿ ಪಾರಾದದ್ದು ಅವಳ ನಾದಿನಿ ಆ ಸಾಫ್ಟ್‌ವೇರ್ ಪರೀಕ್ಷೆ ಮಾಡಿದವಳು ಎಂಬ ಒಂದೇ ಕಾರಣಕ್ಕೆ. ಉಳಿದವರಿಗೆ ಯಾರಿದ್ದರು? ಸೂಜಿ ತಪ್ಪಿದವಳಿಗೆ ತಪ್ಪಿತೆಂದೇ ಗೊತ್ತಾಗುವುದಿಲ್ಲ. ಯಾವಾಗಲೋ ಎರಡನೆಯ ಮಗು ಕೈಗೆ ಸಿಗದೆ ಹೋದಾಗ ಆಕೆ ಹಣೆಬರಹ ಎನ್ನುತ್ತಾಳೆ, ಮನೆಯವರು ಅವಳನ್ನೇ ದೂರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ತಪ್ಪಿದೆ ಎಂದು ಯಾರೂ ನಿಪ್ಪಾಣಿಗೆ ಫೋನ್ ಮಾಡುವುದಿಲ್ಲ. ಅಂಥ ಬಗ್ ಯಾವ ಗೆರೆಯ ಮೇಲೂ ಬರುವುದಿಲ್ಲ.

ಮಾರನೆಯ ಬೆಳಗ್ಗೆ ಆಸ್ಪತ್ರೆಯಿಂದಲೇ ಮಾಲೀಕರಿಗೆ ಫೋನಿನಲ್ಲಿ ಹೇಳಿದೆ. ಅವರಿಗೂ ಗಾಬರಿಯಾಯಿತು, ಸುಳ್ಳು ಹೇಳಬಾರದು. ಆದರೂ "ದೇವರ ದಯಾ, ಏನೂ ಆಗಲಿಲ್ಲ. ಒಂದ ಬಗ್ ಅಂತ ಬರಕೋರಿ, ಹುಡುಗಗ ಹೇಳಿ ಮುಚ್ಚಸ್ತೇನಿ," ಎಂದರು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು, ಇನ್ನು ಮುಂದೆ ಎಲ್ಲರ ರಕ್ತವನ್ನೂ ಮತ್ತೆ ನೋಡುತ್ತೇವೆ, ಆದದ್ದನ್ನು ಊರಲ್ಲಿ ಸುದ್ದಿ ಮಾಡಬೇಡಿ ಎಂದು ಕೈ ಮುಗಿದರು. ಮುಂದಿನವರದು ಸರಿ. ಈಗಾಗಲೇ ಮನೆಗೆ ಹೋದವರು?

ಹುಡುಗನಿಗೆ ಫೋನ್ ಮಾಡಿದೆ. ಅವನ ದನಿ ಬಿದ್ದುಹೋಗಿತ್ತು. "ಅಕ್ಕಾ, ರಕ್ತದ ಗುಂಪು ತಾಳಿ ಆಗದ ಕೂಡಿಸಿದ್ದೆಲ್ಲಾ ಒಂದ ಕಡೆ ಗುರುತ ಆಗಿರತೈತಿ. ಆದ್ರ ತೆಗೆದ ಹಾಕಿದ ಗುಂಪು ಯಾವುದು, ಯಾರದು ಅಂತ ಉಳಸಿಲ್ಲ. ಅದ ತಪ್ಪಂತ ತಿಳದಿದ್ನೆಲ್ಲ ನಾನು..." ಎಂದು ನಿಲ್ಲಿಸಿದ.

ಸಿಸ್ಟರ್ ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ಆ ಗುರುತುಗಳನ್ನು ತೆರೆದುಕೊಟ್ಟರು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದವು. ಪ್ರತಿಯೊಂದರ ಮುಂದೆ ಒಂದು ಹೆಸರು, ಒಂದು ಫೋನ್ ನಂಬರ್. ನಂಬರುಗಳೆಲ್ಲ ಗಂಡಸರವು. ಮೊದಲನೆಯದಕ್ಕೆ ಹಚ್ಚಿದೆ. ಆ ಕಡೆ ಗಂಡಸಿನ ದನಿ, ಹಿಂದೆ ಕೂಸು ಅಳುವ ಸದ್ದು. ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಮನೆಯ ಬಾಣಂತಿಯ ರಕ್ತ ಮತ್ತೆ ನೋಡಬೇಕಿತ್ತು ಎಂದೆ.

"ನಮ್ಮ ಮನ್ಯಾಗ ಇಬ್ಬರ ಬಾಣಂತ್ಯಾರ ಅದಾರ್ರಿ," ಎಂದ ಆತ. ದನಿಯಲ್ಲಿ ಸಂಭ್ರಮವಿತ್ತು. "ನಮ್ಮ ತಂಗಿ ಒಬ್ಬಾಕಿ, ನಮ್ಮ ಮನಿಯಾಕಿ ಒಬ್ಬಾಕಿ. ಇಬ್ಬರದೂ ಆಗಿ ತಿಂಗಳಾಗಾಕ ಬಂತು. ನೀವು ಯಾರನ್ನ ಕೇಳಾಕತ್ತೀರಿ?"

ನನ್ನ ಮುಂದಿನ ಪರದೆಯಲ್ಲಿ ಒಬ್ಬಳೇ ಇದ್ದಳು.